ದಿನಕ್ಕೊಂದು ಗೇಣು

ಟೇಪಕ್ಕನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಬೇಕರಿಯವನು ಹಿತ್ತಿಲಿನ ಬಾವಿಯ ಮುಚ್ಚಳದ ಮೇಲೆ ಒಣಗಲು ಇಟ್ಟಿದ್ದ ತಟ್ಟೆಗಳನ್ನೆಲ್ಲ ಗಡಿಬಿಡಿಯಲ್ಲಿ ಎತ್ತಿಕೊಳ್ಳುತ್ತಿದ್ದ. ಎತ್ತದಿದ್ದರೆ ಅವಳೇ ಎತ್ತುತ್ತಿದ್ದಳು, ಜೊತೆಗೆ ನಾಲ್ಕು ಮಾತು ಪುಕ್ಕಟೆ.

"ಏನ್ರೀ, ಬಾವಿ ಅಂದ್ರೆ ನಿಮ್ಮ ಅಡುಗೆಮನೆ ಕಟ್ಟೆ ಅಂದ್ಕೊಂಡ್ರಾ? ಒಳಗಿರೋರಿಗೂ ಸ್ವಲ್ಪ ಮರ್ಯಾದೆ ಬೇಡ್ವಾ?"

"ಒಳಗೆ ಯಾರಿದ್ದಾರೆ ಅಕ್ಕ?" ಅಂತ ಅವನು ಮೊದಲ ಸಲ ಹೆದರಿಕೊಂಡೇ ಕೇಳಿದ್ದ.

"ನೀರು ಕಣಪ್ಪಾ, ಇನ್ಯಾರು!"

ಅವಳ ಕೆಲಸ ಏನು ಅಂತ ಕೇಳಿದವರಿಗೆ ನಗು ಬರುತ್ತಿತ್ತು. ನೀರಿನ ಕಚೇರಿಯ ನೌಕರಿ. ತಿಂಗಳಿಗೊಮ್ಮೆ ಊರಿನ ನಲವತ್ತೊಂದು ಬಾವಿಗಳ ಹತ್ತಿರ ಹೋಗಿ, ನೀರು ಎಷ್ಟು ಕೆಳಗಿದೆ ಅಂತ ಅಳೆದು ಬರೆದುಕೊಳ್ಳುವುದು. ಇಷ್ಟೇ. ನೀರೆತ್ತುವುದಿಲ್ಲ, ಹರಿಸುವುದಿಲ್ಲ, ಯಾರಿಗೂ ಒಂದು ಕೊಡ ಕೊಡುವುದೂ ಇಲ್ಲ. ಆದರೆ ಈ ಇಷ್ಟನ್ನು ಅವಳು ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದ ರೀತಿ ಇದೆಯಲ್ಲ, ಅದನ್ನು ನೋಡಬೇಕಿತ್ತು. ಉಕ್ಕಿನ ಟೇಪಿನ ತುದಿಯ ಹತ್ತು ಅಡಿಗೆ ನೀಲಿ ಸೀಮೆಸುಣ್ಣ ಬಳಿಯಬೇಕು. ತುದಿಗೆ ಸೀಸದ ಗುಂಡು ಕಟ್ಟಿ ಒಳಗೆ ಇಳಿಬಿಡಬೇಕು. ಗುಂಡು ನೀರು ಮುಟ್ಟಿದ ಸದ್ದು ಕೇಳಿದ ಮೇಲೆ ಇನ್ನೊಂದೆರಡು ಅಡಿ ಬಿಟ್ಟು, ಟೇಪಿನ ಅಂಕಿಯನ್ನು ಬಾವಿಯ ಬಾಯಿಗೆ ಸರಿಯಾಗಿ ಹಿಡಿದು ಓದಿಕೊಂಡು, ಮೇಲೆಳೆದು, ಸುಣ್ಣ ಎಲ್ಲಿಯವರೆಗೆ ನೆನೆದಿದೆ ನೋಡಿ ಅಷ್ಟನ್ನು ಕಳೆಯಬೇಕು. ಎರಡು ಸಲ ಅಳೆಯಬೇಕು. ಎರಡರ ನಡುವೆ ಒಂದು ನೂಲಿನಷ್ಟು ವ್ಯತ್ಯಾಸ ಬಂದರೂ ಮೂರನೆಯ ಸಲ. ಮಳೆಯಿರಲಿ ಬಿಸಿಲಿರಲಿ, ಕಣ್ಣಂದಾಜಿನಲ್ಲಿ ಒಂದು ಅಂಕಿಯನ್ನೂ ಅವಳು ಬರೆದವಳಲ್ಲ. ಅವಳಿಗಿಂತ ಮೊದಲು ಇದ್ದವನು ಟೀ ಅಂಗಡಿಯಲ್ಲಿ ಕೂತೇ ನಲವತ್ತೊಂದು ಬಾವಿ ಅಳೆದು ಮುಗಿಸುತ್ತಿದ್ದನಂತೆ. ಅವನ ಹೆಸರೆತ್ತಿದರೆ ಟೇಪಕ್ಕನ ಮುಖ ಗಂಟಾಗುತ್ತಿತ್ತು.

ಜನರಿಗೆ ನೆಲದಡಿಯ ನೀರು ಅಂದರೆ ಅಲ್ಲೊಂದು ಕತ್ತಲೆಯ ಕೆರೆ, ಇಲ್ಲವೇ ಬುಸುಗುಡುತ್ತ ಹರಿಯುವ ಹೊಳೆ. ಹಾಗಂದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಡಬ್ಬಿಯ ತುಂಬ ಮರಳು ಹಾಕಿ "ತುಂಬಿತಾ?" ಅಂತ ಕೇಳುವಳು. "ತುಂಬಿತು" ಅಂದರೆ ಅದಕ್ಕೆ ಒಂದು ಲೋಟ ನೀರು ಹುಯ್ಯುವಳು. ಒಂದು ಹನಿಯೂ ಚೆಲ್ಲದೆ ನೀರು ಒಳಗೆ ಹೋಗುತ್ತಿತ್ತು. "ನೋಡಿದ್ರಾ? ಕಾಳು ಕಾಳಿನ ಸಂದೀಲಿ ಕೂತಿರತ್ತೆ. ಅಲ್ಲೇ ಸಂದಿಯಿಂದ ಸಂದಿಗೆ ನುಸುಳ್ಕೊಂಡು ಹೋಗತ್ತೆ. ಕೆರೆಯೂ ಇಲ್ಲ, ಹೊಳೆಯೂ ಇಲ್ಲ."

ಎಷ್ಟು ಬೇಗ ಹೋಗುತ್ತದೆ ಅಂತ ಕೇಳಿದರೆ ಅದಕ್ಕೂ ಅವಳ ಹತ್ತಿರ ಉತ್ತರವಿತ್ತು. ಎಂಟು ವರ್ಷದ ಹಿಂದೆ ಕಚೇರಿಯವರು ಪಕ್ಕದ ಬೀದಿಯ ಶಾಲೆಯ ಬಾವಿಗೆ ಹಸಿರು ಬಣ್ಣ ಸುರಿದು, ಅದು ಅರವತ್ತು ಅಡಿ ದೂರದ ಇನ್ನೊಂದು ಕೊಳವೆಯಲ್ಲಿ ಯಾವಾಗ ಕಾಣಿಸುತ್ತದೆ ಅಂತ ನೋಡಲು ಹೊರಟಿದ್ದರು. ಮೊದಲ ದಿನ ಆರು ಜನ ಅಧಿಕಾರಿಗಳು, ಎರಡು ಜೀಪು, ಒಂದು ಶಾಮಿಯಾನ. ಎರಡನೆಯ ದಿನ ಮೂರು ಜನ. ಮೂರನೆಯ ದಿನ ಟೇಪಕ್ಕ ಒಬ್ಬಳೇ. ಆಮೇಲೆ ಎಲ್ಲರಿಗೂ ಅದು ಮರೆತೇಹೋಯಿತು. ಅವಳು ಮಾತ್ರ ದಿನಾ ಬೆಳಿಗ್ಗೆ ಸೀಸೆ ಇಳಿಬಿಟ್ಟು, ನೀರೆತ್ತಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿದಳು. ಎಂಬತ್ತನೆಯ ದಿನ ಸೀಸೆಯಲ್ಲಿ ಹಸಿರು ಬಂತು. ಸಂತೋಷ ತಡೆಯಲಾರದೆ ಕಚೇರಿಗೆ ಓಡಿದರೆ ಅಲ್ಲಿನ ಗುಮಾಸ್ತ ಕೇಳಿದ್ದು, "ಯಾವ ಬಣ್ಣ ಮೇಡಂ?" ಇರಲಿ ಬಿಡಿ. ಲೆಕ್ಕ ಮಾತ್ರ ಉಳಿಯಿತು. ಎಂಬತ್ತು ದಿನಕ್ಕೆ ಅರವತ್ತು ಅಡಿ, ಅಂದರೆ ದಿನಕ್ಕೊಂದು ಗೇಣು.

ಇನ್ನು ಮನೆಯ ಕಥೆ. ಅವಳ ಗಂಡ ಮರದ ಸಾಮಾನಿಗೆ ಪಾಲಿಶ್ ಹಾಕುವವನು. ಮೇಜು, ಕುರ್ಚಿ, ಬೀರು, ಏನೇ ಕೊಡಿ, ಮುಖ ನೋಡಿಕೊಳ್ಳುವಂತೆ ಮಾಡಿಕೊಡುತ್ತಿದ್ದ. ಹೋದ ವರ್ಷ ಮಾರುಕಟ್ಟೆಯ ಹಳೇ ಕಟ್ಟಡ ಕೆಡವಿದಾಗ ಅಂಗಡಿ ಹೋಯಿತು. ಶಾಲೆ ಶುರುವಾಗುವ ವಾರದಲ್ಲೇ ಅವನು ಡಬ್ಬಿ, ಬ್ರಷ್ಷು, ಉಜ್ಜುಕಾಗದ ಎಲ್ಲ ಹೇರಿಕೊಂಡು ಬಂದು ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡ. ಇಬ್ಬರಿಗೂ ಅದು ಹಿತವಾಗಿಯೇ ಇತ್ತು. ಮಧ್ಯಾಹ್ನ ಬಿಸಿ ಊಟ, ಮೂರು ಗಂಟೆಗೆ ಒಟ್ಟಿಗೆ ಟೀ.

ಅದೇ ಬೀದಿಯ ನಡುಮಧ್ಯದಲ್ಲಿ ಅವನ ತಂಗಿಯ ಲಾಂಡ್ರಿ. ಟೇಪಕ್ಕನಿಗೆ ನಾದಿನಿ. ಬಾಯಿ ಬಿಟ್ಟರೆ ಬಂಡೆ ಬಿರುಕು ಬಿಡುವಂಥ ಹೆಂಗಸು, ಆದರೆ ಅವಳು ತೊಳೆದ ಬಿಳಿ ಬಟ್ಟೆಗೆ ಎದುರಿಲ್ಲ. ಎರಡು ಆಸ್ಪತ್ರೆ, ನಾಲ್ಕು ಲಾಡ್ಜು, ಒಂದು ಶಾಲೆಯ ಬಟ್ಟೆ ಅವಳ ಕೈಗೇ ಬರಬೇಕು. ನೀರು ಅಂಗಳದ ಬಾವಿಯದ್ದು. ಬೀದಿಯ ತುದಿಯಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿ, ಒಂದು ಗ್ಯಾರೇಜು. ಮೇಲೆ ಗ್ಯಾರೇಜು, ನಡುವೆ ಲಾಂಡ್ರಿ, ಕೆಳಗೆ ಟೇಪಕ್ಕನ ಮನೆ. ಗ್ಯಾರೇಜಿನವನ ಕೈಯಿಂದ ಚೆಂಡು ಜಾರಿದರೆ ಅದು ಲಾಂಡ್ರಿಯ ಮುಂದೆ ಹಾದು ಟೇಪಕ್ಕನ ಗೇಟಿಗೆ ಬಡಿದೇ ನಿಲ್ಲುತ್ತಿತ್ತು.

ಈ ವರ್ಷ ಶಾಲೆ ಶುರುವಾದ ವಾರ, ಸಮವಸ್ತ್ರದ ರಾಶಿ ಬಿದ್ದಿದ್ದ ಹೊತ್ತಿನಲ್ಲೇ, ಲಾಂಡ್ರಿಯ ಬಾವಿ ನಾರತೊಡಗಿತು. ಸೀಮೆಎಣ್ಣೆಯಂಥ ಕಟುವಾಸನೆ. ಬಟ್ಟೆ ಎಷ್ಟು ಜಾಲಿಸಿದರೂ ಹೋಗದು. ಮೊದಲು ಶಾಲೆ ಬಿಟ್ಟುಹೋಯಿತು, ಆಮೇಲೆ ಎರಡು ಲಾಡ್ಜು, ಕೊನೆಗೆ ಒಂದು ಆಸ್ಪತ್ರೆ. ನಾದಿನಿ ಸೆರಗು ಸಿಕ್ಕಿಸಿಕೊಂಡು ಸೀದಾ ಗ್ಯಾರೇಜಿಗೆ ನಡೆದಳು.

"ನೆಲಕ್ಕೆ ಎಣ್ಣೆ ಸುರೀತೀಯಾ? ನನ್ನ ಬಾವಿಗೆ ಇಳಿಸ್ತೀಯಾ? ನಿನ್ನ ಅದೇ ಬಾವೀಲಿ ಮುಳುಗಿಸಿ ತೆಗೀತೀನಿ ನೋಡ್ತಿರು!"

"ಅಕ್ಕಾ, ನನ್ನಾಣೆ, ಒಂದು ತೊಟ್ಟೂ ನೆಲಕ್ಕೆ ಬಿಟ್ಟಿಲ್ಲ. ಎಲ್ಲಾ ಪೀಪಾಯಿಗೆ ತುಂಬಿಸಿ ಕಳಿಸ್ತೀನಿ. ಬೇಕಾದ್ರೆ ಬಂದು ನೋಡಿ," ಅಂದ ಅವನು. ಎರಡು ಕೈಯೂ ಮೊಣಕೈವರೆಗೆ ಎಣ್ಣೆಯಾಗಿದ್ದವನ ಮಾತನ್ನು ಯಾರು ನಂಬಬೇಕು?

ಬೀದಿ ಒಕ್ಕೊರಲಿನಿಂದ ತೀರ್ಪು ಕೊಟ್ಟಿತು. ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಗ್ಯಾರೇಜು ಮೇಲಿದೆ, ಇನ್ನೇನು ಬೇಕು? ದೂರು ನೀರಿನ ಕಚೇರಿಗೆ ಹೋಯಿತು. ಹೊಸ ಇಂಜಿನಿಯರ್ ಬೀದಿಯ ಇಳಿಜಾರು ನೋಡಿ, ಮೂಗು ಮುಚ್ಚಿಕೊಂಡು ಬಾವಿ ನೋಡಿ, ಶುಕ್ರವಾರ ಸ್ಥಳದಲ್ಲೇ ವಿಚಾರಣೆ ಮಾಡಿ ಗ್ಯಾರೇಜಿಗೆ ಬೀಗ ಹಾಕುವುದು ಅಂತ ತೀರ್ಮಾನಿಸಿದ. "ಮೇಡಂ, ಆ ಬೀದಿಯ ಮೂರು ಬಾವಿ ಲೆಕ್ಕ ತನ್ನಿ. ಕಡತಕ್ಕೆ ಒಂದು ಕಾಗದ ಬೇಕು, ಅಷ್ಟೇ," ಅಂದ ಟೇಪಕ್ಕನಿಗೆ.

ಬುಧವಾರ ಮಧ್ಯಾಹ್ನ ಅವಳು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಳು. ಲಾಂಡ್ರಿ, ಗ್ಯಾರೇಜು, ತನ್ನ ಮನೆಯದೇ ಬಾವಿ. ಮೂರೂ ನಲವತ್ತೊಂದರ ಪಟ್ಟಿಯಲ್ಲಿದ್ದವೇ. ಈ ಬೀದಿಯಡಿ ಹಿಂದೊಮ್ಮೆ ಹಳ್ಳವಿತ್ತು, ಅದಕ್ಕೆ ಮಣ್ಣು ತುಂಬಿಸಿ ಬೀದಿ ಮಾಡಿದರು, ಮೇಲಿನ ಇಳಿಜಾರು ಒಂದು ಕಡೆಗೆ, ಕೆಳಗಿನ ಹಳ್ಳದ ಮರಳು ಇನ್ನೊಂದು ಕಡೆಗೆ ಅನ್ನುವುದು ಅವಳಿಗೆ ಎಂದೋ ಗೊತ್ತಿದ್ದ ಸಂಗತಿ. ಆದ್ದರಿಂದ ಗ್ಯಾರೇಜಿನವನ ತಪ್ಪಿಲ್ಲ ಅಂತ ತೋರಿಸುವುದಕ್ಕೆ ಒಳಗೊಳಗೇ ಖುಷಿಯಿಂದಲೇ ನೀರು ಹೋಗುವ ದಾರಿಯ ಗೀಟು ಎಳೆದಳು. ನೀರು ಬೀದಿಯನ್ನು ಹತ್ತಿಕೊಂಡು ಹೋಗುತ್ತಿತ್ತು. ಗ್ಯಾರೇಜಿನಿಂದ ಲಾಂಡ್ರಿಗೆ ಅಲ್ಲ, ಲಾಂಡ್ರಿಯಿಂದ ಗ್ಯಾರೇಜಿಗೆ.

ಹಾಗಾದರೆ ಲಾಂಡ್ರಿಗೆ ಬಂದದ್ದು ಎಲ್ಲಿಂದ? ಗೀಟನ್ನು ಹಿಂದಕ್ಕೆ ಎಳೆಯುತ್ತ ಬಂದಳು. ಟೈಲರ್ ಅಂಗಡಿ ದಾಟಿತು. ಖಾಲಿ ಸೈಟು ದಾಟಿತು. ಪೆನ್ಸಿಲು ತನ್ನದೇ ಹಿತ್ತಿಲಿಗೆ ಬಂದು ನಿಂತಿತು. ಅಲ್ಲಿಂದ ಲಾಂಡ್ರಿಗೆ ಇನ್ನೂರ ಎಪ್ಪತ್ತು ಅಡಿ. ದಿನಕ್ಕೊಂದು ಗೇಣಿನಂತೆ ಮುನ್ನೂರ ಅರವತ್ತು ದಿನ. ಹೋದ ವರ್ಷ ಶಾಲೆ ಶುರುವಾದ ವಾರದಿಂದ ಈ ವರ್ಷ ಶಾಲೆ ಶುರುವಾದ ವಾರ.

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಗಂಡ ಶೆಡ್ಡಿನಿಂದ ಹೊರಬಂದು, ಬ್ರಷ್ಷು ತೊಳೆದ ಟರ್ಪೆಂಟೈನಿನ ಡಬ್ಬಿಯನ್ನು ಆಚೆ ಮೂಲೆಯ ಗುಂಡಿಗೆ ಬಗ್ಗಿಸಿ, ಕೊನೆಯ ಹನಿಯವರೆಗೂ ತಟ್ಟಿ ತಟ್ಟಿ ಸುರಿಯುತ್ತಿದ್ದ. ಎಷ್ಟು ಸಲ ನೋಡಿದ್ದಳೋ! ಒಮ್ಮೆ ಕೇಳಿಯೂ ಇದ್ದಳು. "ನೆಲ ಕುಡ್ಕೊಳತ್ತೆ ಬಿಡೇ," ಅಂದಿದ್ದ. ಇವಳೂ ಬಿಟ್ಟಿದ್ದಳು. ಮನೆಯ ಬಾವಿ ಗುಂಡಿಯ ಈಚೆಗಿತ್ತು, ನೀರು ಬರುವ ದಿಕ್ಕಿನಲ್ಲಿ. ಹಾಗಾಗಿ ಅದಕ್ಕೆ ವಾಸನೆಯ ಸೋಂಕೂ ತಗಲಿರಲಿಲ್ಲ. ಊರಿನ ನಲವತ್ತು ಬಾವಿಗೆ ಇಣುಕಿ ನೋಡಿದವಳು ತನ್ನ ಅಡುಗೆಮನೆಯ ಕಿಟಕಿಯಾಚೆ ನೋಡಲಿಲ್ಲವಲ್ಲ! ದೀಪದ ಬುಡದಲ್ಲಿ ಕತ್ತಲೆ ಅಂತ ಊರಿಗೆಲ್ಲ ಹೇಳುವವಳು ತಾನೇ ಆ ಕತ್ತಲೆಯಲ್ಲಿ ಟೀ ಕುಡಿಯುತ್ತ ಕೂತಿದ್ದಳು.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಸುಮ್ಮನಿದ್ದುಬಿಟ್ಟರೆ? ಇಂಜಿನಿಯರನಿಗೆ ಬೇಕಾದದ್ದು ಬರೀ ಮೂರು ಅಂಕಿ. ಗೀಟು ಎಳೆ ಅಂತ ಅವನೇನೂ ಕೇಳಿರಲಿಲ್ಲ. ಆದರೆ ಸುಮ್ಮನಿದ್ದರೆ ಗ್ಯಾರೇಜಿಗೆ ಬೀಗ ಬೀಳುತ್ತದೆ, ಬಾವಿ ನಾರುತ್ತಲೇ ಇರುತ್ತದೆ, ಒಂದು ದಿನ ಅದೇ ವಾಸನೆ ಏನೂ ಮಾಡದ ಗ್ಯಾರೇಜಿನವನ ಕುಡಿಯುವ ನೀರಿಗೂ ಹೋಗಿ ಸೇರುತ್ತದೆ. ಹೇಳಿದರೆ ಗಂಡನ ಮಾನ ಬೀದಿಯ ನಡುವೆ. ಅತ್ತ ದರಿ, ಇತ್ತ ಪುಲಿ. ಮೂರು ಸಲ ಅವನ ಹತ್ತಿರ ಹೋದಳು. ಮೊದಲ ಸಲ "ಟೀ ಬೇಕಾ?" ಅಂತ ಕೇಳಿ ಬಂದಳು. ಎರಡನೆಯ ಸಲವೂ ಟೀ. ಮೂರನೆಯ ಸಲ ಅವನೇ, "ಏನೇ ಇದು, ಟೀ ಕುಡಿಸಿ ಸಾಯಿಸ್ತೀಯಾ ನನ್ನ?" ಅಂದ.

ಶುಕ್ರವಾರ ಬೆಳಿಗ್ಗೆ ಲಾಂಡ್ರಿಯ ಅಂಗಳದಲ್ಲಿ ಬೀದಿಯೇ ನೆರೆದಿತ್ತು. ಇಂಜಿನಿಯರನ ಕೈಯಲ್ಲಿ ಬೀಗ ಹಾಕುವ ಆದೇಶ. ಗ್ಯಾರೇಜಿನವನು ಅಂದು ಕೈಯನ್ನು ಉಜ್ಜಿ ಉಜ್ಜಿ ತೊಳೆದು ಕೆಂಪಗೆ ಮಾಡಿಕೊಂಡು ಬಂದಿದ್ದ. ತಂಗಿಯ ಪರವಾಗಿ ನಿಲ್ಲಬೇಕು ಅಂತ ಪಾಲಿಶ್ ಯಜಮಾನನೂ ಬ್ರಷ್ಷು ಕೆಳಗಿಟ್ಟು ಬಂದು ಮುಂದಿನ ಸಾಲಿನಲ್ಲೇ ನಿಂತಿದ್ದ.

"ಮೇಡಂ, ಅಂಕಿ ಕೊಡಿ," ಅಂದ ಇಂಜಿನಿಯರ್.

"ಅಂಕಿ ಕೊಟ್ಟರೆ ಸಾಲದು ಸರ್, ಸ್ವಲ್ಪ ಹೇಳ್ಬೇಕು," ಅಂದಳು ಟೇಪಕ್ಕ. ಇಸ್ತ್ರಿ ಮೇಜಿನ ಮೇಲಿದ್ದ ಬಟ್ಟೆ ಸರಿಸಿ, ಜೇಬಿನ ಸೀಮೆಸುಣ್ಣ ತೆಗೆದು ಬೀದಿಯುದ್ದಕ್ಕೆ ಅಂತ ಒಂದು ಗೀಟು ಎಳೆದಳು. "ನಮ್ಮ ಮನೆ ಬಾವೀಲಿ ನೀರು ಹನ್ನೆರಡು ಅಡಿ ಕೆಳಗೆ. ಇಲ್ಲಿ ಇಪ್ಪತ್ತೊಂದು. ಗ್ಯಾರೇಜಲ್ಲಿ ಮೂವತ್ತೆರಡು. ಆದ್ರೆ ಬಾವಿ ಬಾಯಿಗಳೆಲ್ಲ ಒಂದೇ ಎತ್ತರದಲ್ಲಿ ಇಲ್ವಲ್ಲ? ಈ ಬಾವಿ ಬಾಯಿ ನಮ್ಮ ಮನೇದಕ್ಕಿಂತ ಆರು ಅಡಿ ಮೇಲಿದೆ, ಗ್ಯಾರೇಜಿಂದು ಹದಿಮೂರು. ಅಷ್ಟನ್ನ ಕಳೀರಿ. ನಮ್ಮನೆ ಬಾವಿ ಬಾಯಿಂದ ನೋಡಿದ್ರೆ ನಮ್ಮ ನೀರು ಹನ್ನೆರಡು ಅಡಿ ಕೆಳಗೆ, ಇಲ್ಲೀದು ಹದಿನೈದು, ಗ್ಯಾರೇಜಿಂದು ಹತ್ತೊಂಬತ್ತು. ಈಗ ಹೇಳಿ, ನೀರು ಯಾವ ಕಡೆ ಹೋಗ್ಬೇಕು?"

ಇಂಜಿನಿಯರ್ ಒಂದು ಸಲ ಕಳೆದ. ಇನ್ನೊಂದು ಸಲ ಕಳೆದ. ಬೀದಿಯ ಇಳಿಜಾರು ನೋಡಿದ, ಅಂಕಿ ನೋಡಿದ. "ಮೇಲಕ್ಕೆ," ಅಂದ, ತನ್ನ ಬಾಯಿಂದ ಬಂದದ್ದು ತನಗೇ ನಂಬಿಕೆಯಾಗದ ಹಾಗೆ.

ಗ್ಯಾರೇಜಿನವನು ಅಲ್ಲಿದ್ದ ಕೊಳೆಬಟ್ಟೆಯ ಗಂಟಿನ ಮೇಲೆ ದೊಪ್ಪನೆ ಕೂತುಬಿಟ್ಟ. "ಅಕ್ಕಾ, ನಾನು ಹೇಳ್ಲಿಲ್ವಾ?" ಅಂದವನ ಕಣ್ಣಲ್ಲಿ ನೀರು.

"ಹಾಗಾದ್ರೆ ಯಾವ ಮನೆಹಾಳ ಸುರಿದಿದ್ದು?" ನಾದಿನಿ ಗರ್ಜಿಸಿದಳು. "ಹೇಳಿ ಅತ್ತಿಗೆ, ಈ ಗೀಟಿನ ಕೆಳಗಿನ ತುದೀಲಿ ಯಾರಿದ್ದಾರೆ?"

ಟೇಪಕ್ಕ ಗಂಡನ ಮುಖ ನೋಡಿದಳು. ಅವನು ಇನ್ನೂ ತಂಗಿಯಷ್ಟೇ ಸಿಟ್ಟಿನಿಂದ, ಯಾರಪ್ಪಾ ಅವನು ಅನ್ನುವಂತೆ ಕುತ್ತಿಗೆ ಚಾಚಿ ನೋಡುತ್ತಿದ್ದ. ಪಾಪ, ಅವನಿಗೆ ಹೊಳೆದೇ ಇರಲಿಲ್ಲ.

"ನಾವಿದ್ದೀವಿ," ಅಂದಳು. "ನಮ್ಮ ಹಿತ್ತಿಲ ಗುಂಡಿ. ಒಂದು ವರ್ಷದಿಂದ ಟರ್ಪೆಂಟೈನ್ ಸುರೀತಿದ್ದೀವಿ. ಅವರು ಸುರಿದಿದ್ದು, ನಾನು ನೋಡ್ಕೊಂಡು ಸುಮ್ಮನಿದ್ದಿದ್ದು. ಇಬ್ಬರ ಹೆಸರೂ ಬರ್ಕೊಳ್ಳಿ ಸರ್."

ಇದ್ದಬದ್ದ ಬೈಗುಳವನ್ನೆಲ್ಲ ಗ್ಯಾರೇಜಿನವನ ಮೇಲೆ ಖರ್ಚು ಮಾಡಿ ಮುಗಿಸಿದ್ದ ನಾದಿನಿ ಬಾಯಿ ತೆರೆದಳು, ಮುಚ್ಚಿದಳು. ಅಣ್ಣನನ್ನು ಒಮ್ಮೆ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಾಲಿಶ್ ಯಜಮಾನ ತಲೆ ತಗ್ಗಿಸಿ ಗ್ಯಾರೇಜಿನವನ ಮುಂದೆ ಹೋಗಿ ನಿಂತ. "ತಪ್ಪಾಯ್ತು ಕಣಯ್ಯ," ಅಂದ.

ಮನೆಗೆ ಬಂದ ಮೇಲೆ ಅವನು ಶೆಡ್ಡಿನ ಡಬ್ಬಿಗಳಿಗೆಲ್ಲ ಮುಚ್ಚಳ ಬಿಗಿದು ಬಂದ. ಆಮೇಲೆ ಕೇಳಿದ, "ಊರ ಬಾವಿಗೆಲ್ಲ ನ್ಯಾಯ ಹೇಳ್ತೀಯ. ಕಟ್ಟಿಕೊಂಡ ಗಂಡನಿಗೆ ಒಂದು ಮಾತು ಮೊದಲೇ ಹೇಳ್ಬಾರದಿತ್ತೇನೇ?"

"ಹೇಳಿದ್ರೆ ನೀವು ಬೇಡ ಅಂತಿದ್ರಿ," ಅಂದಳು ಟೇಪಕ್ಕ. "ನೀವು ಬೇಡ ಅಂದಿದ್ರೆ ನಾನು ಅಲ್ಲಿ ಬಾಯಿ ಬಿಡ್ತಿರಲಿಲ್ಲ. ಅದಕ್ಕೇ ಹೇಳ್ಲಿಲ್ಲ." ಹೇಳಿ ಅತ್ತುಬಿಟ್ಟಳು. ಅವನು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ಗುಂಡಿ ತೋಡಿ ಮಣ್ಣು ಸಾಗಿಸಿದರು. ಆದರೆ ನೆಲಕ್ಕೆ ಇಳಿದದ್ದು ಇಳಿದಾಗಿತ್ತಲ್ಲ. ಇವತ್ತು ಸುರಿಯುವುದು ನಿಲ್ಲಿಸಿದರೂ, ನಿನ್ನೆ ಸುರಿದದ್ದು ದಿನಕ್ಕೊಂದು ಗೇಣಿನಂತೆ ನಡೆದು ಲಾಂಡ್ರಿಗೆ ಬರಲು ಇನ್ನೊಂದು ವರ್ಷ. ಅದು ಗ್ಯಾರೇಜಿನ ಬಾವಿಯವರೆಗೂ ಹೋಗದಂತೆ ತಡೆಯಬೇಕಾದರೆ ಲಾಂಡ್ರಿಯ ಬಾವಿಯಿಂದಲೇ ಕೆಟ್ಟ ನೀರನ್ನು ದಿನಾ ಎತ್ತಿ, ಇದ್ದಿಲು ತುಂಬಿದ ಪೀಪಾಯಿಗಳಲ್ಲಿ ಸೋಸಿ ಹೊರಗೆ ಬಿಡಬೇಕು. ಎತ್ತುವ ಪಂಪು ಕೊಟ್ಟವನು ಯಾರು ಅಂತೀರಿ? ಗ್ಯಾರೇಜಿನವನೇ. "ನನ್ನ ಬಾವಿ ಉಳಿಬೇಕಲ್ಲಣ್ಣ," ಅಂತ ನಕ್ಕ.

ಬಟ್ಟೆ ತೊಳೆಯುವ ನೀರು? ಬೀದಿಯಲ್ಲಿ ಚೊಕ್ಕ ನೀರಿದ್ದದ್ದು ಗುಂಡಿಯ ಈಚೆಗಿದ್ದ ಆ ಮನೆಯ ಬಾವಿಯಲ್ಲೇ. ಮರುದಿನ ಬೆಳಿಗ್ಗೆ ಪಾಲಿಶ್ ಯಜಮಾನ ಒಂದು ತಳ್ಳುಗಾಡಿ ತಂದ. ಎಂಟೆಂಟು ಕ್ಯಾನು ತುಂಬಿಸಿ, ಏದುಸಿರು ಬಿಡುತ್ತ ಏರು ಹತ್ತಿಸಿ, ತಂಗಿಯ ಬಾಗಿಲಿಗೆ ಇಳಿಸಿ ಬಂದ. ದಿನಕ್ಕೆ ಹದಿನಾಲ್ಕು ಸಲ. ನೆಲದೊಳಗೆ ನೀರು ತಾನಾಗಿಯೇ ಹತ್ತುವ ಆ ಬೀದಿಯನ್ನು ನೆಲದ ಮೇಲೆ ಅವನು ಬೆನ್ನು ಬಾಗಿಸಿ ಹತ್ತಬೇಕಾಯಿತು. ತಂಗಿ ಒಂದು ಮಾತಾಡಲಿಲ್ಲ. ಕ್ಯಾನು ಖಾಲಿಯಾದರೆ ಬಾಗಿಲಾಚೆ ಇಡುತ್ತಿದ್ದಳು, ಅಷ್ಟೇ.

ಮನೆಯಲ್ಲಿ ಮಾತ್ರ ದಿನಾ ಒಂದು ಪ್ರಶ್ನೆ ಇರುತ್ತಿತ್ತು. "ಏನೇ, ಕೊನೇ ಸಲ ಸುರಿದಿದ್ದು ಎಲ್ಲಿಗೆ ಬಂತು?"

"ಖಾಲಿ ಸೈಟಿನ ಅಡಿ."

ಎರಡು ತಿಂಗಳು ಬಿಟ್ಟು, "ಈಗ?"

"ಅದೇ ಸೈಟು. ಸೈಟು ದೊಡ್ಡದು ರೀ."

"ನಿನ್ನ ನೀರಿಗೆ ಕಾಲು ನೋವಾ?"

ಅದು ಟೈಲರ್ ಅಂಗಡಿಯ ಅಡಿ ಬಂದ ತಿಂಗಳು ಅವನು ಹೋಗಿ ಟೈಲರನ ಹತ್ತಿರ ಸುಮ್ಮಸುಮ್ಮನೆ ಕೂತು ನೆಲ ನೋಡಿ ಬಂದ. ಹೀಗೆ ಒಂದು ವರ್ಷ ಹೋಯಿತು. ಶಾಲೆ ಮತ್ತೆ ಶುರುವಾಯಿತು.

ಒಂದು ದಿನ ಟೇಪಕ್ಕ ಲಾಂಡ್ರಿಯ ಬಾವಿಗೆ ಟೇಪು ಇಳಿಬಿಟ್ಟಿದ್ದಳು, ಗಂಡ ಹನ್ನೊಂದನೆಯ ಗಾಡಿ ತಂದು ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ನಾದಿನಿ ಒಳಗಿನಿಂದ ಬಂದಳು. ಕೈಯಲ್ಲಿ ಒಂದು ಬಿಳಿ ದಿಂಬಿನ ಕವರು, ಬಾವಿಯ ನೀರಲ್ಲೇ ತೊಳೆದು ಒಣಗಿಸಿದ್ದು. ಅತ್ತಿಗೆಯನ್ನು ದಾಟಿ ಸೀದಾ ಅಣ್ಣನ ಮುಂದೆ ಬಂದು ಹಿಡಿದಳು.

"ಅಣ್ಣಾ, ಮೂಸಿ ನೋಡು. ಹೋಗಿದೆ ಅನ್ಸತ್ತೆ ನಂಗೆ."

ವರ್ಷದ ಮೇಲೆ ಬಂದ ಮೊದಲ ಮಾತು. ಅವನು ಎರಡು ಕೈಯಲ್ಲಿ ಕವರು ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡ. ಬಹಳ ಹೊತ್ತು ತೆಗೆಯಲೇ ಇಲ್ಲ. ತೆಗೆದಾಗ ಕಣ್ಣು ಒದ್ದೆಯಾಗಿತ್ತು.

"ಪುಟ್ಟೀ, ಮೂವತ್ತು ವರ್ಷ ಪಾಲಿಶ್ ಹಾಕಿದ ಮೂಗು ಇದು. ಇದಕ್ಕೇನೂ ಗೊತ್ತಾಗಲ್ಲ," ಅಂದ. "ನಿನ್ನ ಅತ್ತಿಗೆಗೆ ಕೊಡು. ಅವಳು ಸುಳ್ಳು ಹೇಳಲ್ಲ."

ಟೇಪಕ್ಕನ ಕೈಯ ಟೇಪು ಅಲ್ಲೇ ನಿಂತಿತು. ಕವರು ಇಸಿದುಕೊಂಡಳು. ಮೂಸಿದಳು. ತಿರುಗಿಸಿ ಮತ್ತೊಮ್ಮೆ ಮೂಸಿದಳು. ಅಣ್ಣ ತಂಗಿ ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಆಯಿತು ಅಂದುಬಿಡಲು ಅವಳಿಗೂ ಎಷ್ಟು ಆಸೆಯಿತ್ತೋ!

"ಇನ್ನೂ ಸ್ವಲ್ಪ ಇದೆ ರೀ," ಅಂದಳು. "ಹದಿನೈದು ದಿನ."

ನಾದಿನಿ ಹಣೆ ಚಚ್ಚಿಕೊಂಡು ನಕ್ಕಳು. ಪಾಲಿಶ್ ಯಜಮಾನ ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದ, ತಾನೂ ನಕ್ಕ, ಖಾಲಿ ಕ್ಯಾನುಗಳನ್ನು ಗಾಡಿಗೆ ಹಾಕಿಕೊಂಡು ಹನ್ನೆರಡನೆಯ ಸಲಕ್ಕೆ ಇಳಿಜಾರು ಇಳಿದ.